ನನ್ನ ಧಾರಾಳತನವನ್ನು ಬ್ಯಾಂಕು ತಡೆಹಿಡಿದದ್ದು

ನನ್ನಷ್ಟು ಧಾರಾಳಿ ಸಕಲೇಶಪುರ, ಆಲೂರು ಎರಡೂ ತಾಲ್ಲೂಕುಗಳನ್ನು ಜರಡಿ ಹಿಡಿದರೂ ಸಿಗುವುದಿಲ್ಲ. ನಾನು ಜೇಬಿಗೆ ಕೈ ಹಾಕಿದರೆ ಬಾಳ್ಳುಪೇಟೆಯ ಅಂಗಡಿಯವರು ಎದ್ದು ನಿಲ್ಲುತ್ತಾರೆ. (ಕೈ ಹೊರಗೆ ಬರುವಷ್ಟರಲ್ಲಿ ಕಾಲು ನೋವು ಬಂದು ಮತ್ತೆ ಕೂತಿರುತ್ತಾರೆ, ಅದು ಬೇರೆ ಮಾತು.) ಇಂಥ ನನ್ನ ಮೇಲೆ ಬ್ಯಾಂಕಿನವರು ಅನುಮಾನಪಟ್ಟರು. ಪಟ್ಟದ್ದು ನನ್ನ ಪುಣ್ಯ ಎಂದು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಪೂರ್ತಿ ಕಥೆ ಹೇಳುತ್ತಿರುವುದು ಮಾತ್ರ ನಿಮ್ಮೊಬ್ಬರಿಗೇ.

ಆನೇಮಹಲ್ ಹತ್ತಿರದ ನಮ್ಮ ತೋಟದಲ್ಲಿ ಫೋನಿಗೆ ಸಿಗ್ನಲ್ ಇರುವುದು ಒಂದೇ ಕಡೆ. ಕಾಫಿ ಒಣಗಿಸುವ ಕಣದ ಪಕ್ಕದ ಬೆಣ್ಣೆಹಣ್ಣಿನ ಮರದ ಕವಲಿನಲ್ಲಿ. ಅಲ್ಲಿಂದ ಒಂದು ಗೇಣು ಕೆಳಗಿಳಿಸಿದರೂ ಮಾತು ಅರ್ಧಕ್ಕೇ ಪ್ರಾಣ ಬಿಡುತ್ತದೆ. ಹಾಗಾಗಿ ಫೋನನ್ನು ಕವಲಿನಲ್ಲಿ ಕೂರಿಸಿ, ಸ್ಪೀಕರ್ ಹಾಕಿ, ಮರದ ಜೊತೆ ಕೂಗಿ ಮಾತಾಡುವುದು ನಮ್ಮ ಪದ್ಧತಿ. ನನ್ನ ಬಿಪಿ ಎಷ್ಟು, ನನ್ನ ಷಡ್ಡಕ ಯಾಕೆ ಮುನಿಸಿಕೊಂಡಿದ್ದಾನೆ ಎಂಬುದೆಲ್ಲ ಕಣದಲ್ಲಿ ಕಾಫಿ ಕೆದಕುವ ಮಾರಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು.

ಒಂದು ಮಧ್ಯಾಹ್ನ ಮರ ಬಡಿದುಕೊಳ್ಳತೊಡಗಿತು. ಹೋಗಿ ಎತ್ತಿದೆ.

"ಏಕಾಂತಯ್ಯ ಸಾರ್, ನಾನು ಚೈತ್ರಶ್ರೀ ಅಂತ. ನಿಮ್ಮ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ವಿಭಾಗದಿಂದ."

ಫೋನ್ ಕಳ್ಳರನ್ನು ಮಣ್ಣುಮುಕ್ಕಿಸಬೇಕೆಂದು ನಾನು ಬಹಳ ದಿನದಿಂದ ಕಾದಿದ್ದೆ. "ನೋಡವ್ವ, ನಿನ್ನಂಥೋರನ್ನ ಭಾಳ ಜನ ನೋಡಿದೀನಿ. ಏನು ಬೇಕು, ಓಟಿಪಿಯಾ, ಕಾರ್ಡ್ ನಂಬರ್ರಾ?"

"ಎರಡೂ ಬೇಡ ಸಾರ್. ಎರಡನ್ನೂ ಯಾರಿಗೂ ಕೊಡಬೇಡಿ, ನನಗೂ ಕೊಡಬೇಡಿ. ಒಂದು ಪ್ರಶ್ನೆ ಕೇಳ್ತೀನಿ. 'ಹೌದು' ಅಥವಾ 'ಅಲ್ಲ' ಅನ್ನಿ. ಅಷ್ಟೇ ಸಾಕು."

ಕೊಟ್ಟರೂ ಬೇಡ ಎನ್ನುವ ಕಳ್ಳಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೇಳು ಎಂದೆ.

"ಈಗ ತಾನೇ ನಿಮ್ಮ ಕಾರ್ಡಿಂದ ಆನ್‌ಲೈನಲ್ಲಿ ಒಂದು ರೇಷ್ಮೆ ಸೀರೆಗೆ ಆರ್ಡರ್ ಆಗಿದೆ. ನಾವು ತಡೆದು ನಿಲ್ಲಿಸಿದ್ದೀವಿ. ಅದನ್ನ ತಗೊಂಡಿದ್ದು ನೀವೇನಾ?"

'ಅಲ್ಲ' ಎನ್ನಲು ಬಾಯಿ ತೆರೆದೆ. ಹಿಂದೆ ಮಜ್ಜಿಗೆ ಚೊಂಬಿನ ಸದ್ದಾಯಿತು. ತಿರುಗಿದರೆ ನನ್ನ ಧರ್ಮಪತ್ನಿ ಸುಲೋಚನಾ. ಅವಳ ಮುಖದಲ್ಲಿದ್ದ ಬೆಳಕಿಗೆ ಆವತ್ತು ಕಣದ ಕಾಫಿಯೆಲ್ಲ ಅರ್ಧ ದಿನ ಮೊದಲೇ ಒಣಗಿತು ಎಂದರೆ ನೀವು ನಂಬಬೇಕು.

"ರೀ," ಎಂದಳು ಮೆಲ್ಲಗೆ. "ಮುಂದಿನ ತಿಂಗಳು ಮದ್ವೆಯಾಗಿ ನಲವತ್ತು ವರ್ಷ ತುಂಬುತ್ತೆ ಅನ್ನೋದು ನಿಮಗೆ ನೆಪ್ಪೈತಾ? ನಂಗೆ ಹೇಳ್ದಂಗೆ ಸೀರೆ ತಗೊಂಡ್ಬುಟ್ರಾ?"

ಧರ್ಮಸಂಕಟ ಎಂಬ ಶಬ್ದವನ್ನು ನಾನು ಮೇಷ್ಟ್ರ ಬಾಯಲ್ಲಿ ಕೇಳಿದ್ದೆ. ಅದರ ಅರ್ಥ ಆಗಿದ್ದು ಆ ಮರದ ಬುಡದಲ್ಲಿ. ಅಲ್ಲ ಎಂದರೆ ದುಡ್ಡು ಉಳಿಯುತ್ತದೆ, ಆ ಬೆಳಕು ಆರುತ್ತದೆ. ಹೌದು ಎಂದರೆ ಬೆಳಕು ಉಳಿಯುತ್ತದೆ, ದುಡ್ಡು ಯಾವನೋ ಕಳ್ಳನ ಹೆಂಡತಿಯ ಮೈಮೇಲೆ ಮಿಂಚುತ್ತದೆ.

"ಸಾರ್, ಇದ್ದೀರಾ?"

"ಹೌದು," ಎಂದೆ.

"ಇದ್ದೀರಾ ಅಂದಿದ್ದಕ್ಕೆ ಹೌದಾ, ಸೀರೆಗೆ ಹೌದಾ?"

"ಸೀರೆಗೇ."

"ಯಾವ ಬಣ್ಣ ಸಾರ್?"

"ಹೇಳ್ರೀ, ನಾನೂ ಕೇಳ್ತೀನಿ," ಎಂದು ಸುಲೋಚನಾ ಹತ್ತಿರ ಬಂದಳು.

"ಅದು... ಒಳ್ಳೆ ಬಣ್ಣ."

ಆಮೇಲೆ ಆ ಹುಡುಗಿ ದನಿ ತಗ್ಗಿಸಿ ಕೇಳಿದಳು. (ಅವಳು ತಗ್ಗಿಸಿದಳು, ಸ್ಪೀಕರ್ ತಗ್ಗಿಸಲಿಲ್ಲ.) "ಸಾರ್, ನಿಮ್ಮ ಪಕ್ಕದಲ್ಲಿ ಯಾರಾದ್ರೂ ನಿಂತ್ಕೊಂಡು, ಹೆದರಿಸಿ ಹೇಳಿಸ್ತಾ ಇದ್ದಾರಾ?"

"ನಲವತ್ತು ವರ್ಷದಿಂದ ನಿಂತವ್ರೆ ಕಣವ್ವ," ಎಂದಳು ಕಣದಿಂದ ಮಾರಮ್ಮ.

ನನಗೆ ರೋಷ ಬಂತು. "ಅಲ್ಲಮ್ಮ, ಗಂಡ ಅನ್ನೋನು ಹೆಂಡ್ತಿಗೆ ಒಂದು ಸೀರೆ ತಗೊಂಡ್ರೆ ಬ್ಯಾಂಕಿಗ್ಯಾಕೆ ಅನುಮಾನ?"

ಈ ಪ್ರಶ್ನೆಯನ್ನು ನಾನು ಕೇಳಬಾರದಿತ್ತು.

"ಸಾರ್, ಒಬ್ಬೊಬ್ಬರ ಕಾರ್ಡಿಗೂ ಒಂದೊಂದು ನಡವಳಿಕೆ ಇರುತ್ತೆ. ಎಲ್ಲಿ ತಗೊಳ್ತಾರೆ, ಏನು ತಗೊಳ್ತಾರೆ ಅಂತ ಕಂಪ್ಯೂಟರ್ ನೋಡ್ಕೊಂಡಿರುತ್ತೆ. ಅದಕ್ಕೆ ಹೊಂದದೇ ಇರೋದು ಬಂದ್ರೆ ನಮಗೆ ತಿಳಿಸುತ್ತೆ. ನಿಮ್ಮದು ಬಾಳ್ಳುಪೇಟೆಲಿ ಡೀಸೆಲ್, ಗೊಬ್ಬರ, ಬಿಪಿ ಮಾತ್ರೆ, ನಾಯಿಗೆ ಉಣ್ಣಿ ಹೋಗೋ ಔಷಧಿ. ಕಾರ್ಡ್ ಕೊಟ್ಟಾಗಿಂದ ಇಷ್ಟೇ. ಸೀರೆ ಅಂತ ಬಂದಿದ್ದೇ ತಡ, ಕಂಪ್ಯೂಟರ್ ಎದೆ ಬಡ್ಕೊಳ್ತು. ಅದೂ ಅಲ್ಲದೆ ಸೀರೆ ಹೋಗ್ತಿರೋದು ನಿಮ್ಮನೆಗಲ್ಲ, ಬೇರೆ ರಾಜ್ಯಕ್ಕೆ."

ಹೇಳದೆ ಕೇಳದೆ ಕರೆಂಟು ಹೋಗುವ ಹಾಗೆ ಸುಲೋಚನೆಯ ಮುಖದ ಬೆಳಕು ಹೋಯಿತು. ಚೊಂಬು ಕೆಳಗಿಟ್ಟಳು. ಮರದ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, "ತಾಯಿ, ನಾನು ಇವ್ರ ಹೆಂಡ್ತಿ," ಎಂದಳು. "ನಿಲ್ಸವ್ವ ಅದನ್ನ. ಇವ್ರು ತಗೊಂಡಿದ್ದಲ್ಲ."

"ಅದೆಂಗೆ ಅಷ್ಟು ಗ್ಯಾರಂಟಿಯಾಗಿ ಹೇಳ್ತೀಯೆ?" ಎಂದೆ.

"ಮೊನ್ನೆ ಮೊನ್ನೆ ಪರಿಚಯ ಆಗಿರೋ ಕಂಪ್ಯೂಟರ್‌ಗೇ ಗೊತ್ತಾಗೈತೆ. ನಂಗೊತ್ತಾಗಲ್ವಾ?"

"ಅಮ್ಮ ಹೇಳಿದ್ದು ಸರಿ ಇರಬಹುದು ಸಾರ್," ಎಂದಳು ಚೈತ್ರಶ್ರೀ, "ಆದ್ರೆ ಕಾರ್ಡ್ ನಿಮ್ಮದು. ನಿಮ್ಮ ಬಾಯಲ್ಲೇ ಬರಬೇಕು."

"ಅಲ್ಲ," ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಆ ಮರದ ಜೊತೆ ನಾನು ಮಾತಾಡಿದ್ದಿಲ್ಲ.

ಅವಳು ಆ ಕ್ಷಣವೇ ಕಾರ್ಡನ್ನು ಬಂದ್ ಮಾಡಿದಳು. ನನ್ನಿಂದ ಒಂದು ಪೈಸೆಯೂ ಹೋಗಲಿಲ್ಲ. ಸೀರೆ ದಕ್ಕಿದ್ದರೆ ಕಳ್ಳ ಅಷ್ಟಕ್ಕೇ ಬಿಡುತ್ತಿರಲಿಲ್ಲವಂತೆ. ಮುಂದೆ ಫ್ರಿಜ್ಜು, ಅದರ ಮುಂದೆ ವಿಮಾನದ ಟಿಕೆಟ್ಟು. ನಾನು ಕೊಯ್ಲಿನ ಕಾಫಿಯನ್ನೆಲ್ಲ ಅವನ ಪ್ರವಾಸಕ್ಕೆ ಸುರಿಯಬೇಕಿತ್ತು. ಮುಖ ಕಾಣದ ಆ ಹುಡುಗಿ, ನಾನು ಬೈದರೂ ಫೋನಿಡದೆ, ಸುಳ್ಳು ಹೇಳಿದರೂ ನಂಬದೆ ನನ್ನನ್ನು ಕಾಪಾಡಿದಳು. ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ. ಆವತ್ತು ಮರಕ್ಕೇ ಕೈ ಮುಗಿದೆ. "ಕುಂಕುಮ ತರ್ಲಾ ಅಯ್ಯ?" ಎಂದು ಮಾರಮ್ಮ ಕೇಳಿದಳು.

ಸುಲೋಚನಾ ಜಗಳವಾಡಲಿಲ್ಲ. ಆಡಿದ್ದರೆ ಬದುಕಿಕೊಳ್ಳುತ್ತಿದ್ದೆ. ದಿನಾ ನಾಯಿಗೆ ಅನ್ನ ಹಾಕುವಾಗ ಅದರ ತಲೆ ಸವರಿ, "ನೀನೇ ಪುಣ್ಯವಂತ ಕಣೋ. ನಿನ್ನ ಲೆಕ್ಕ ಬ್ಯಾಂಕಲ್ಲೈತೆ," ಎನ್ನುತ್ತಿದ್ದಳು. ನಾಯಿ ನನ್ನ ಕಡೆ ನೋಡಿ ಬಾಲ ಅಲ್ಲಾಡಿಸುತ್ತಿತ್ತು.

ಹೊಸ ಕಾರ್ಡ್ ಅಂಚೆಯಲ್ಲಿ ಬಂದ ದಿನವೇ ಅವಳನ್ನು ಸಕಲೇಶಪುರಕ್ಕೆ ಕರೆದುಕೊಂಡು ಹೋದೆ. ಸೀರೆ ಅಂಗಡಿಯ ನೇತ್ರಾವತಿ ಅರ್ಧ ಅಂಗಡಿಯನ್ನು ನೆಲಕ್ಕೆ ಹಾಸಿದ ಮೇಲೆ ಸುಲೋಚನೆಗೆ ಒಂದು ಸೀರೆ ಒಪ್ಪಿಗೆಯಾಯಿತು. ಮಡಿಲಲ್ಲಿಟ್ಟುಕೊಂಡು ಅಂಚನ್ನು ಸವರುತ್ತಾ ಕೂತಳು. ಮುಖದಲ್ಲಿ ಅದೇ ಬೆಳಕು. ನಾನು ಚಕ್ರವರ್ತಿಯ ಠೀವಿಯಲ್ಲಿ ಕಾರ್ಡ್ ಕೊಟ್ಟೆ.

ಮೆಷಿನ್ ಒಪ್ಪಲಿಲ್ಲ. ಮರುಗಳಿಗೆಗೆ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನೂರೆಂಟು ಜನರಿರುವ ಬ್ಯಾಂಕಿನಲ್ಲಿ ನನ್ನ ಹಣೆಬರಹಕ್ಕೆ ಸಿಕ್ಕಿದ್ದು ಅದೇ ದನಿ.

"ಏಕಾಂತಯ್ಯ ಸಾರ್, ಮತ್ತೆ ಸೀರೆ."

"ಈ ಸಲ ನಾನೇ ಕಣಮ್ಮ," ಎಂದೆ, ಅಂಗಡಿಯವರೆಲ್ಲ ಕೇಳುವ ಹಾಗೆ. "ಬಣ್ಣ ಬೇಕಾದ್ರೂ ಕೇಳು. ನೇರಳೆ ಬಣ್ಣ, ಹಸಿರು ಅಂಚು. ನನ್ನ ಕೈಯಾರೆ ಕಾರ್ಡ್ ಕೊಟ್ಟಿದೀನಿ. ಹೌದು, ಹೌದು, ಹೌದು."

"ಹೋದ ಸಲವೂ ಹೌದು ಅಂತಲೇ ಹೇಳಿದ್ರಿ ಸಾರ್," ಎಂದಳು ಚೈತ್ರಶ್ರೀ. "ಒಂದು ನಿಮಿಷ ಫೋನ್ ಅಮ್ಮನ ಕೈಗೆ ಕೊಡಿ."