ಗೊತ್ತಿಲ್ಲದವರು ಬೇಕಾಗಿದ್ದಾರೆ

ನರ್ಸಿಂಗ್ ವಿದ್ಯಾರ್ಥಿನಿಯ ಕಷ್ಟಕ್ಕೆ ಮೂಲ, ಬಸುರಿಯರಿಗೆ ಎಲ್ಲ ಗೊತ್ತಿದ್ದುದು. ಅವಳ ಸಂಶೋಧನೆಗೆ ಮೂವತ್ತು ಮಂದಿ ಚೊಚ್ಚಲ ಬಸುರಿಯರು ಬೇಕಿತ್ತು. ಹೆರಿಗೆಯ ಸಿದ್ಧತೆಯ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಬೇಕು, ಪಾಠ ಹೇಳಿ ಪುಸ್ತಿಕೆ ಕೊಡಬೇಕು, ವಾರ ಬಿಟ್ಟು ಅವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಮೊದಲ ಸಲವೇ ಹತ್ತಕ್ಕಿಂತ ಹೆಚ್ಚು ಸರಿಯುತ್ತರ ಕೊಟ್ಟವರನ್ನು ಕೈಬಿಡಬೇಕು. ಗೊತ್ತಿದ್ದವರಿಗೆ ಕಲಿಸುವುದೇನು? ಆದರೆ ಮೊಬೈಲು ಹಿಡಿದು ಬಂದ ಬಸುರಿಯರು ಹದಿನೆಂಟು, ಹತ್ತೊಂಬತ್ತು ಹೊಡೆದು, ಇನ್ನೂ ಇದ್ದರೆ ಕೇಳಿ ಎನ್ನುವಂತೆ ಕೂತಿರುತ್ತಿದ್ದರು. ಮೊದಲ ವಾರ ಹನ್ನೊಂದು ಮಂದಿ ಹೀಗೆ ಕೈತಪ್ಪಿದರು. ಆಮೇಲೆ ಅದೃಷ್ಟ ತಿರುಗಿತು. ಏನೂ ತಿಳಿಯದವರು ಒಬ್ಬರ ಹಿಂದೊಬ್ಬರು ಸಿಕ್ಕರು.

ಇಂದು ಕೊನೆಯ ದಿನ. ಮೂವತ್ತನೆಯವಳ ಎರಡನೆಯ ಪರೀಕ್ಷೆ ಮುಗಿಸಿ, ಸಂಜೆ ಐದರೊಳಗೆ ಗೈಡ್ ಮೇಡಂ ಕೈಗೆ ಉತ್ತರದ ಹಾಳೆಗಳ ಕಟ್ಟು ಕೊಡದಿದ್ದರೆ ವರ್ಷವೇ ನೀರುಪಾಲು.

ಮೂವತ್ತನೆಯವಳು ಮೂರನೆಯ ಮಹಡಿಯ ಮನೆಯಲ್ಲಿ ದಿಂಬಿಗೊರಗಿ ಕೂತಿದ್ದಳು. ಕಳೆದ ವಾರ ನಾಲ್ಕೇ ನಾಲ್ಕು ಸರಿ ಹೇಳಿದ್ದ ಅಪರೂಪದ ಅಜ್ಞಾನಿ. ಪಕ್ಕದಲ್ಲಿ ಅವಳ ಅತ್ತೆ. ಬಾಗಿಲಲ್ಲಿ ಕುತ್ತಿಗೆಗೆ ಟೇಪು ನೇತುಹಾಕಿಕೊಂಡ ಎದುರು ಮನೆಯ ಟೈಲರಮ್ಮ.

"ಆಸ್ಪತ್ರೆಗೆ ಒಯ್ಯೋ ಚೀಲದಲ್ಲಿ ಏನೇನಿರ್ಬೇಕು?"

"ಮೆತ್ತನೆ ಬಟ್ಟೆ," ಎಂದರು ಅತ್ತೆ.

"ಅಮ್ಮಾ, ಅವ್ರೇ ಹೇಳ್ಬೇಕು."

"ನಾನು ನಾಲ್ಕು ಹೆತ್ತವಳು ಕಣಮ್ಮಾ. ನನ್ನ ಉತ್ತರ ಬರ್ಕೊ, ಮಾರ್ಕ್ಸ್ ಅವಳಿಗೆ ಹಾಕು."

"ತಪಾಸಣೆ ಚೀಟಿ! ತಪಾಸಣೆ ಚೀಟಿ!" ಟೈಲರಮ್ಮ ಪರೀಕ್ಷೆಯ ಕೊಠಡಿಯ ಕಿಟಕಿಯಲ್ಲಿ ನಿಂತ ಅಣ್ಣನಂತೆ ಪಿಸುಗುಟ್ಟಿದಳು.

ವಿದ್ಯಾರ್ಥಿನಿ ಇಬ್ಬರಿಗೂ ಕೈಮುಗಿದಳು. ಏಳನೆಯ ಪ್ರಶ್ನೆ ಬಂತು. "ಹೆರಿಗೆ ನೋವು ಶುರುವಾಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ನೋವು ಬಂದು ಬಂದು ಹೋಗುತ್ತೆ. ಬರ್ತಾ ಬರ್ತಾ..." ಮೂವತ್ತನೆಯವಳು ಮಂಚದ ಅಂಚು ಹಿಡಿದು ಗೋಡೆ ಗಡಿಯಾರವನ್ನೇ ನೋಡಿದಳು. ಒಂದು ನಿಮಿಷವಾದ ಮೇಲೆ ಮುಂದುವರಿಸಿದಳು: "...ಹತ್ತಿರ ಹತ್ತಿರ ಆಗುತ್ತೆ."

"ಶಹಬ್ಬಾಸ್!" ವಿದ್ಯಾರ್ಥಿನಿ ಗುರುತು ಹಾಕಿದಳು. ಮರೆತಿದ್ದನ್ನು ಎಷ್ಟು ಕಷ್ಟಪಟ್ಟು ನೆನಪಿಸಿಕೊಳ್ಳುತ್ತಿದ್ದಾಳೆ, ಪಾಪ! ಹತ್ತನೆಯ ಪ್ರಶ್ನೆಗೂ ಹಾಗೇ ನೆನಪಿಸಿಕೊಂಡಳು. ಹದಿನಾಲ್ಕಕ್ಕೂ.

"ಅಲ್ಲ ಕಣೇ," ಟೈಲರಮ್ಮ ಟೇಪು ಎಳೆದುಕೊಂಡು ಒಳಗೇ ಬಂದಳು. "ನೋವು ಬಂದ್ರೆ ಏನ್ಮಾಡ್ಬೇಕು ಅಂತ ಕೇಳ್ತಿದೀಯಲ್ಲ, ಅವಳಿಗೆ ನೋವು ಬರ್ತಿದೆ, ಕಾಣಲ್ವಾ? ನೀನು ನರ್ಸೋ, ಜನಗಣತಿಯವಳೋ?"

ಅತ್ತೆ ಹೌಹಾರಿ ಎದ್ದರು. ನಾಲ್ಕು ಹೆತ್ತ ಅನುಭವ ಚಪ್ಪಲಿ ಹುಡುಕುವುದರಲ್ಲಿ ಕಳೆದುಹೋಯಿತು. ಟೈಲರಮ್ಮ ಆಟೋ ತರಲು ಓಡಿ, ಅವಸರದಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತ ಗೂಡ್ಸ್ ಆಟೋ ನಿಲ್ಲಿಸಿದಳು. ಅದನ್ನು ಕಳಿಸಿ ಇನ್ನೊಂದನ್ನು ಕರೆಯುವಷ್ಟರಲ್ಲಿ ಮೂವತ್ತನೆಯವಳು ಚೀಲ ಹಿಡಿದು, ಕಂಬಿಗೆ ಒರಗಿ ನಿಂತು ನಿಂತು, ತಾನೇ ಇಳಿದು ಬಂದಿದ್ದಳು.

"ಸಿಸ್ಟರ್, ಎಷ್ಟು ಉಳೀತು?" ಎಂದಳು ಆಟೋದಲ್ಲಿ.

"ಆರು. ಬೇಡ ಬಿಡಿ, ಈಗ ಹೇಗೆ..." ಎಂದಳು ವಿದ್ಯಾರ್ಥಿನಿ. ಪೆನ್ನಿನ ಮುಚ್ಚಳ ಮಾತ್ರ ಹಾಕಲಿಲ್ಲ.

"ಕೇಳಿ. ಈಗ ಬಿಡುವಿದೆ, ನಾಲ್ಕು ನಿಮಿಷ."

ಹದಿನೇಳಕ್ಕೆ ಸಿಗ್ನಲ್ ಬಿತ್ತು. ಹತ್ತೊಂಬತ್ತಕ್ಕೆ ಗಾಲಿಕುರ್ಚಿ ಬಂತು. ಇಪ್ಪತ್ತನೆಯದನ್ನು ಹೆರಿಗೆ ಕೋಣೆಯ ಬಾಗಿಲಲ್ಲಿ ಕೇಳಿದಳು. ಇಪ್ಪತ್ತಕ್ಕೆ ಇಪ್ಪತ್ತು! ವಿದ್ಯಾರ್ಥಿನಿಯ ಕಣ್ಣು ತುಂಬಿತು. "ಒಂದೇ ವಾರದಲ್ಲಿ ಎಷ್ಟು ಕಲ್ತುಬಿಟ್ರಿ ನೀವು! ನೋವು ಯಾವಾಗ ಶುರುವಾಯ್ತು, ಏಳನೇ ಪ್ರಶ್ನೆಗಾ?"

"ಬೆಳಿಗ್ಗೆ ಐದಕ್ಕೆ. ಲೆಕ್ಕ ಇಡ್ತಾನೇ ಇದ್ದೆ. ಇನ್ನೂ ಹೊತ್ತಿತ್ತು."

"ಹೇಳ್ಬಾರ್ದಾಗಿತ್ತಾ?"

"ನಿಮ್ಗೆ ಐದು ಗಂಟೆ ಗಡುವು ಅಂದಿದ್ರಲ್ಲ." ಮೂವತ್ತನೆಯವಳು ಉಸಿರು ಬಿಟ್ಟಳು. "ತಪ್ಪು ತಿಳ್ಕೋಬೇಡಿ ಸಿಸ್ಟರ್. ನನಗಿದೆಲ್ಲ ಮೊದ್ಲೇ ಗೊತ್ತಿತ್ತು. ಹೋದ ವಾರ ಬೇಕಂತ್ಲೇ ತಪ್ಪು ಹೇಳಿದ್ದು."

"ಯಾಕೆ?"

"ಸರಿ ಹೇಳ್ದಾಗೆಲ್ಲ ನಿಮ್ಮ ಮುಖ ಬಾಡ್ತಿತ್ತಂತೆ. ತಪಾಸಣೆ ಸಾಲಿನಲ್ಲಿ ಎಲ್ರೂ ಮಾತಾಡ್ಕೊಂಡ್ವಿ. ಪಾಪ, ಓದೋ ಹುಡುಗಿ, ಕಣ್ಣಲ್ಲಿ ನೀರು ಹಾಕ್ಕೋತಾಳೆ, ಸ್ವಲ್ಪ ದಡ್ಡರಾಗೋಣ ಅಂತ."

"ಎಲ್ರೂ ಅಂದ್ರೆ?"

"ಮೂವತ್ತೂ ಜನ." ಅಷ್ಟರಲ್ಲಿ ಬಾಗಿಲು ಮುಚ್ಚಿತು.

ನಾಲ್ಕು ಗಂಟೆಗೆ ಹೆಣ್ಣುಮಗು ಹುಟ್ಟಿ, ತಾಯಿ ಮಗು ಇಬ್ಬರೂ ಸುಖವೆಂದು ಸುದ್ದಿ ಬಂತು. ಅತ್ತೆ ಸಿಕ್ಕಸಿಕ್ಕವರಿಗೆಲ್ಲ ತಾವೇ ಹೆತ್ತಂತೆ ವರ್ಣಿಸುತ್ತಿದ್ದರು. ವಿದ್ಯಾರ್ಥಿನಿ ಕಟ್ಟು ಎದೆಗವಚಿಕೊಂಡು ಕಾಲೇಜಿನ ಮೆಟ್ಟಿಲು ಹತ್ತಿದಳು. ನಿಜ ಹೇಳಿಬಿಡುವುದು, ಬೈಸಿಕೊಳ್ಳುವುದು, ಇನ್ನೊಂದು ವರ್ಷ ಓದುವುದು. ಮೆಟ್ಟಿಲಿಗೊಂದರಂತೆ ನಿರ್ಧಾರ ಗಟ್ಟಿಯಾಗುತ್ತಿತ್ತು.

ಮೇಡಂ ಕಟ್ಟು ತೆಗೆದುಕೊಂಡು ಅವಳನ್ನು ಹೊರಗೆ ಕೂರಿಸಿ, ಅರ್ಧ ಗಂಟೆಯ ಮೇಲೆ ಒಳಗೆ ಕರೆದರು.

"ಮೇಡಂ, ಒಂದು ವಿಷ್ಯ..."

ಮೇಡಂ ಆಗಲೇ ಹಾಳೆ ತಿರುವಿ ಅಂಕಗಳನ್ನು ಕೂಡಿ ಮುಗಿಸಿದ್ದರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ನಗು ಕಂಡಿತು.

"ಮಾತಾಡ್ಬೇಡ ನೀನು! ನಾಲ್ಕಿದ್ದವರು ಇಪ್ಪತ್ತು! ನಾನು ಬರೆದ ಪುಸ್ತಿಕೆ ಇಷ್ಟು ಕೆಲಸ ಮಾಡುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ. ಈಗಷ್ಟೇ ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಪ್ರಕಟಣೆ ಆಮೇಲೆ, ಮೊದ್ಲು ಇನ್ನೂ ದೊಡ್ಡದಾಗಿ ಮಾಡಿ ಅಂದ್ರು. ಅಲ್ಲೀವರೆಗೂ ನಿನ್ನ ಪದವಿ ತಡೆ ಹಿಡಿದಿರ್ತಾರೆ. ಬೇಜಾರು ಮಾಡ್ಕೋಬೇಡಮ್ಮಾ, ದೊಡ್ಡ ಗೌರವ ಇದು."

"ಎಷ್ಟು ದೊಡ್ಡದಾಗಿ, ಮೇಡಂ?"

"ಮುನ್ನೂರು. ಆದ್ರೆ ನೋಡು, ಇವರ ಹಾಗೇ ಇರ್ಬೇಕು. ಏನೂ ಗೊತ್ತಿರಬಾರದು."