ನನ್ನ ಬಿಪಿಗೆ ಅವರ ನಂಬರು

ನಿಮ್ಮ ಮೈಯ ಸುದ್ದಿ ನಿಮ್ಮನ್ನು ಬಿಟ್ಟು ಗಂಡನ ಫೋನಿಗೆ ಹೋಗಿದ್ದುಂಟೇ? ನನಗಾಗಿದೆ. ನಮ್ಮ ಹಡಗಲಿ ಕಡೆ ಹೆಂಗಸರನ್ನು ಯಾರೇ ನಂಬರ್ ಕೇಳಲಿ, ಗ್ಯಾಸಿನವರಿರಲಿ ರೇಷನ್ನಿನವರಿರಲಿ, ಬಾಯಿಗೆ ಬರುವುದು ಗಂಡನ ನಂಬರೇ. ಸ್ವಂತ ಫೋನು ಅಂಗೈಯಲ್ಲೇ ಇರುತ್ತದೆ. ಅದು ರೀಲ್ಸ್ ನೋಡುವುದಕ್ಕೆ, ತವರಿಗೆ ಮಾತಾಡುವುದಕ್ಕೆ. ಬಿಪಿ ಇದೆ ಎಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದಾಗಲೂ ನಾನು ಅವರ ನಂಬರನ್ನೇ ಹೇಳಿ ಬಂದೆ.

ಗುಳಿಗೆಯನ್ನು ತಲೆ ಭಾರವಾದ ದಿನ ಮಾತ್ರ ನುಂಗುತ್ತಿದ್ದೆ. ನೋವಿಲ್ಲದ ಕಾಯಿಲೆಗೆ ದಿನಾ ಔಷಧಿ ತಿನ್ನುವುದು ಹಸಿವಿಲ್ಲದೆ ಉಂಡಂತೆ ಎಂದು ನನ್ನ ತಿಳಿವಳಿಕೆ. ಮೊನ್ನೆ ನಾನೂ ಮನೆಯವರೂ ತೋರಿಸಲು ಹೋದೆವು. ತೋಳಿಗೆ ಪಟ್ಟಿ ಸುತ್ತಿ ನೋಡಿದ ಡಾಕ್ಟರಮ್ಮನ ಮುಖ ಬಿಗಿಯಿತು.

“ದಿನಾ ತಗಂಡ್ರೂ ಇಷ್ಟೈತಿ ಅಂದ್ರ ಡೋಸ್ ಏರಿಸ್ಬೇಕ್ರಿ. ಹಿಂಗ ಬಿಟ್ರ ಲಕ್ವ ಹೊಡೀತೈತಿ.”

“ದಿನಾ ತಗಂತೀನಿ ಅಂತ ಯಾರ್ ಹೇಳಿದ್ರಿ?” ಎಂದೆ.

“ನೀವ ಅಲ್ಲೇನ್ರಿ? ದಿನಾ ಬೆಳಿಗ್ಗೆ ಆಸ್ಪತ್ರಿಯಿಂದ ಫೋನಿಗೆ ಮೆಸೇಜ್ ಬರ್ತೈತಿ, ಗುಳಿಗಿ ತಗಂಡಿದ್ರ ಒಂದು ನಂಬರ್ ಒತ್ರಿ ಅಂತ. ಒಂದಿನಾನೂ ಬಿಡ್ದಂಗ ಒತ್ತೀರಿ.”

ನಮ್ಮ ಮನೆಯವರು ಫ್ಯಾನ್ ನೋಡತೊಡಗಿದರು. ಅವರದು ಮಲ್ಲಿಗೆ ವ್ಯಾಪಾರ. ಕೊನೆಗೆ ಫ್ಯಾನಿಗೇ ಹೇಳಿದರು: “ಹೂವಿನ ಗಂಟು ಬಸ್ಸಿಗೆ ಏರ್ಸೋ ಹೊತ್ನ್ಯಾಗ ಬರ್ತಿತ್ರಿ ಅದು. ಒತ್ತದಿದ್ರ ಮತ್ತ ಕುಯ್ ಅಂತಿತ್ತು. ಹೆಂಗೂ ತಿಂದಿರ್ತಾಳ ಅಂತ ಒತ್ತಿದ್ನಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಇವ್ರು ನುಂಗಿಲ್ಲ, ನೀವು ಒತ್ತೀರಿ, ನಾ ಡೋಸ್ ಏರಿಸ್ತಿದ್ದೆ. ಮೂರೂ ಮಂದಿ ಸೇರಿ ಇವ್ರನ್ನ ಕೆಡವ್ತಿದ್ವಿ.”

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಮನೆಗೆ ಬರುವಾಗ ಲಕ್ವ ಎಂಬ ಮಾತು ನಮ್ಮಿಬ್ಬರ ನಡುವೆ ಸೀಟು ಹಿಡಿದು ಕೂತಿತ್ತು.

ಆಸ್ಪತ್ರೆಯಲ್ಲೇ ನಂಬರ್ ಬದಲಿಸಿ ನನ್ನದು ಕೊಟ್ಟಿದ್ದೆ. ಮರುದಿನ ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ, ಫೋನು ಕುಯ್ ಎಂದಿತು. ಈ ರೊಟ್ಟಿ ಬೇಯಲಿ, ನುಂಗಿದರಾಯಿತು ಎಂದುಕೊಂಡು ಹಿಟ್ಟಿನ ಬೆರಳಲ್ಲೇ ಒಂದು ಒತ್ತಿದೆ. ಒಂದು ರೊಟ್ಟಿ ಮುಗಿದರೆ ಇನ್ನೊಂದು ಇದ್ದೇ ಇರುತ್ತದಲ್ಲ. ಹೂವು ಕಳಿಸಿ ಬಂದ ಮನೆಯವರು ಗುಳಿಗೆಯ ಹೊಸ ಹಾಳೆ ಎತ್ತಿ ನೋಡಿದರು. ಒಂದೂ ಒಡೆದಿರಲಿಲ್ಲ.

“ಇವತ್ತು ಯಾರ್ ಒತ್ತಿದ್ರು?” ಎಂದರು.

ನೀರು ತಂದುಕೊಟ್ಟದ್ದೂ ಅವರೇ. ಜಗಳ ತೆಗೆಯದೆ ಗುಳಿಗೆ ನುಂಗಿದೆ. ನಮ್ಮ ಸಂಸಾರದಲ್ಲಿ ಇದು ಹೊಸದು.

ನಿಮ್ಮ ಮನೆಯಲ್ಲಿ ಯಾರ ಗುಳಿಗೆಗೆ ಯಾರು ಒತ್ತುತ್ತಿದ್ದಾರೆ? ಕೆಳಗೆ ಬರೆಯಿರಿ. ಮೊದಲು ನುಂಗಿ, ಆಮೇಲೆ ಬರೆಯಿರಿ.