ಐ.ಬಿ.ಯವರು ನೋಡಲು ಬಂದದ್ದು

ಒಂದು ಶಬ್ದಕ್ಕೆ ಎರಡರ್ಥವಿದ್ದರೆ ಕಾವ್ಯದಲ್ಲಿ ಅದು ಶ್ಲೇಷಾಲಂಕಾರ. ಪಾಂಡವಪುರದ ಬಡಗಿ ನಾಗರಾಜಾಚಾರಿಯ ಪಾಲಿಗೆ ಶನಿಕಾಟ. ಆ ಶಬ್ದ ‘ಐ.ಬಿ.’

ಮೈಸೂರಿನ ಶಾಲೆಯೊಂದರಲ್ಲಿ ಪಿಯುಸಿಗೆ ಬದಲಾಗಿ ಐ.ಬಿ. ಎಂಬ ಎರಡು ವರ್ಷದ ಅಂತಾರಾಷ್ಟ್ರೀಯ ಡಿಪ್ಲೊಮಾ ಉಂಟು. ಈ ಊರಿನ ಒಬ್ಬರಿಗೆ ಅಲ್ಲಿ ಉಚಿತ ಸೀಟು. ಆಚಾರಿಯ ಮಗಳು ಭೂಮಿಕಳನ್ನು ಮಾತಾಡಿಸಿ ನಿರ್ಧರಿಸಲು ಶಾಲೆಯ ಮೇಡಂ ಅಂದು ಮಧ್ಯಾಹ್ನ ಮನೆಗೇ ಬರುವವರಿದ್ದರು. ಸೀಟು ಕೈಸೇರುವವರೆಗೆ ಕೇರಿಯ ಕಣ್ಣು ಬೀಳದಿರಲೆಂದು ಆಚಾರಿ ಸಂಗತಿಯನ್ನು ಗರ್ಭಗುಡಿಯ ಮೂರ್ತಿಯಂತೆ ತೆರೆಯ ಹಿಂದಿರಿಸಿದ್ದ.

ಬೆಳಗ್ಗೆ ಹಾಲಿನ ಡೇರಿಯೆದುರು ಪಕ್ಕದ ಮನೆಯ ಇಂದ್ರಮ್ಮ ಕೇಳಿಯೇಬಿಟ್ಟಳು. “ಏನ್ ನಾಗರಾಜಣ್ಣ, ಮನೆಗೆ ಸುಣ್ಣ ಬಳ್ದಿದ್ದೀಯ?”

“ಐಬಿಯೋರು ಭೂಮಿಕನ್ನ ನೋಡಕ್ಕೆ ಬತ್ತಾವ್ರೆ ಕಣಕ್ಕ,” ಎಂದು ಆಚಾರಿಯ ಬಾಯಿ ಜಾರಿತು.

ಆ ಊರಲ್ಲಿ ಐ.ಬಿ. ಎಂದರೆ ಸಾಹೇಬರು ಇಳಿದುಕೊಳ್ಳುವ ಸರ್ಕಾರಿ ಬಂಗಲೆ. ಇಂದ್ರಮ್ಮನ ಕಣ್ಣರಳಿತು. “ಎಂಜಿನಿಯರ್ರಾ?”

“ಇಲ್ಲ ಕಣಕ್ಕ, ಡಿಪ್ಲೊಮಾ.”

“ಇರ್ಲಿ ಬುಡಣ್ಣ, ಗೌರ್ಮೆಂಟ್ ಕೆಲಸ ಇದ್ರೆ ಸಾಕು!”

ಅಂಕಪಟ್ಟಿಯ ಜೆರಾಕ್ಸಿನ ಚಿಂತೆಯಲ್ಲಿದ್ದ ಆಚಾರಿಗೆ ಈ ಮಾತಿನ ತಾತ್ಪರ್ಯ ಹೊಳೆಯಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಗಿ, ಬಂದು, ಅವನು ಮರಳುವಾಗ ಮಧ್ಯಾಹ್ನ. ಹೆಂಡತಿ ಅರಕೆರೆಗೆ ಹೋಗಿದ್ದರಿಂದ ಮನೆ ಇಂದ್ರಮ್ಮನ ವಶವಾಗಿತ್ತು. ಬಾಗಿಲಿಗೆ ತೋರಣ, ನಡುಮನೆಗೆ ಜಮಖಾನ, ಒಲೆಯ ಮೇಲೆ ಕೇಸರಿಬಾತು. ರೇಷ್ಮೆ ಸೀರೆಯುಟ್ಟು ಮಲ್ಲಿಗೆ ದಂಡೆ ಮುಡಿದ ಭೂಮಿಕ ಉತ್ಸವಮೂರ್ತಿಯಂತೆ ಅಲುಗದೆ ನಿಂತಿದ್ದಳು.

“ಏನಕ್ಕ ಇದೆಲ್ಲ?”

“ಬರೋರ ಮುಂದೆ ಹುಡ್ಗಿ ಲಕ್ಷಣವಾಗಿರ್ಬೇಡ್ವಾ? ನೀನ್ ಸುಮ್ಕಿರು!”

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. “ಐ.ಬಿ.ಗೆ ಯಾಕಮ್ಮ ಸೇರ್ಬೇಕು?” ಎಂದು ಕೇಳಿದರು.

ಕಾಫಿಯ ತಟ್ಟೆ ಹಿಡಿದ ಭೂಮಿಕ, ಅಪ್ಪ ತಿಂಗಳಿನಿಂದ ಉರುಹೊಡೆಸಿದ್ದನ್ನು ಸುಪ್ರಭಾತದಂತೆ ಒಂದೇ ಉಸಿರಿಗೆ ಒಪ್ಪಿಸತೊಡಗಿದಳು: “ನಾನು ಯಾವುದನ್ನೂ ಬಾಯಿಪಾಠ ಮಾಡದೆ ಸ್ವತಂತ್ರವಾಗಿ ಆಲೋಚಿಸುವವಳಾದ್ದರಿಂದ...” ಮುಂದಿನದು ಮರೆತುಹೋಗಿ ಅಪ್ಪನ ಮುಖ ನೋಡಿದಳು.

ಇಂದ್ರಮ್ಮ ನೆರವಿಗೆ ಧಾವಿಸಿದಳು. “ಹಾಡೂ ಹೇಳ್ತಾಳೆ ಕಣ್ರವ್ವ! ಹುಡ್ಗ ಎಲ್ಲಿ, ಕಾರಲ್ಲೇ ಕುಂತವ್ನಾ?”

ಮೇಡಂ ತೆರೆದ ಬಾಯಿ ಮುಚ್ಚುವ ಮೊದಲೇ ಬಾಗಿಲಲ್ಲಿ ಜೀಪು ನಿಂತಿತು. ಮಕ್ಕಳ ರಕ್ಷಣೆಯ ಅಧಿಕಾರಿಣಿ ಒಳಬಂದರು. “ಹದಿನಾರರ ಹುಡುಗಿಗೆ ಮದುವೆ ಮಾತುಕತೆ ಅಂತ ಸಹಾಯವಾಣಿಗೆ ಫೋನ್ ಬಂದಿದೆ!”

ಎರಡು ಐ.ಬಿ.ಗಳನ್ನು ಬೇರ್ಪಡಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. “ಫೋನ್ ಮಾಡಿದ್ದು ಯಾರು?” ಎಂದರು ಮೇಡಂ ಕುತೂಹಲದಿಂದ.

“ನಾನೇ,” ಎಂದು ಕದದ ಮರೆಯಿಂದ ಬಂದಳು ಸ್ಪಂದನ. ಇಂದ್ರಮ್ಮನ ಮಗಳು, ಹತ್ತನೇ ತರಗತಿ ಮುಗಿಸಿ ನಿನ್ನೆಯಷ್ಟೇ ಹಾಸ್ಟೆಲಿನಿಂದ ಬಂದಿದ್ದಳು. “ತಪ್ಪು ಅಂತ ಅವ್ವಂಗೆ ಹೇಳ್ದೆ, ಕೇಳ್ನಿಲ್ಲ. ಕಾನೂನು ಏನೈತೆ ಅಂತ ಹುಡುಕಿ ಓದ್ದೆ. ಫೋನ್ ಮಾಡ್ದೆ.”

“ಅಯ್ಯೋ ಮನೆಹಾಳಿ!” ಎಂದಳು ಇಂದ್ರಮ್ಮ.

ಮೇಡಂ ಅವರ ಮುಖವೋ ದೀಪಾರಾಧನೆಯಂತೆ ಬೆಳಗಿತು. “ಹೆತ್ತವಳನ್ನೇ ಪ್ರಶ್ನಿಸಿದಳು, ತಾನೇ ಓದಿ ತಿಳಿದಳು, ಇನ್ನೊಬ್ಬಳಿಗಾಗಿ ನಿಂತಳು. ಐ.ಬಿ.ಗೆ ಬೇಕಾದ್ದು ಇದೇ!” ಎಂದು ಸೀಟಿನ ಹಾಳೆಯಲ್ಲಿ ಸ್ಪಂದನಳ ಹೆಸರನ್ನು ಬರೆದೇಬಿಟ್ಟರು.

“ಅವಳು ತಿಳ್ಕಂಡಿದ್ದೇ ತಪ್ಪಲ್ವಾ ಮೇಡಂ?” ಆಚಾರಿ ಅಂಕಪಟ್ಟಿಯ ಜೆರಾಕ್ಸನ್ನು ಮುಂದೆ ಹಿಡಿದ.

“ತಪ್ಪಿದರೂ ಸ್ವಂತವಾಗಿ ತಪ್ಪಿದ್ದಾಳೆ.”

ಅಧಿಕಾರಿಣಿ ಅವನ ಮುಂದೆ ಕಾಗದವೊಂದನ್ನು ಚಾಚಿದರು.

“ಮದ್ವೇನೇ ಇಲ್ವಲ್ಲ ತಾಯಿ!”

“ದೂರು ಬಂದ್ಮೇಲೆ ಮುಚ್ಚಳಿಕೆ ಇಲ್ದೆ ಫೈಲು ಮುಗಿಯಲ್ಲ. ರುಜು ಹಾಕಿ.”

ಆಚಾರಿ ಕಣ್ಣೊರೆಸಿಕೊಂಡು ಓದಿದ: ‘ಹದಿನೆಂಟು ತುಂಬುವವರೆಗೆ ನನ್ನ ಮಗಳನ್ನು ಐ.ಬಿ.ಯವರಿಗೆ ಕೊಡುವುದಿಲ್ಲ.’

ರುಜು ಹಾಕಿದ. ಸಾಕ್ಷಿಯ ಜಾಗದಲ್ಲಿ ಇಂದ್ರಮ್ಮ ಹೆಬ್ಬೆಟ್ಟೊತ್ತಿದಳು.